ತೆಳುವಾದ ಹಿಮವೇ ಹೆಚ್ಚು ಮೋಸದ್ದು: ಡಿಸೆಂಬರ್‌ನಲ್ಲಿ ಸ್ಕೀಯಿಂಗ್‌ಗೆ ಹೊರಟವರು ಹವೆ, ಹಿಮ ಓದುವ ಬಗೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಡಿಸೆಂಬರ್ ರಜೆಗೆ ಗುಲ್ಮಾರ್ಗ್, ಔಲಿ, ಸೋಲಂಗ್‌ಗೆ ಹೋಗುವವರು ಟಿಕೆಟ್ ಮಾಡಿಸುವ ಮುಂಚೆ ಕೇಳುವ ಪ್ರಶ್ನೆ ಒಂದೇ: "ಹಿಮ ಬಿದ್ದೈತೇನ್ರಿ?" ಹದ ಮಾಡಿದ ಇಳಿಜಾರಿನಲ್ಲಿ ತರಬೇತುದಾರರ ಕಣ್ಣೆದುರು ಕಲಿಯುವವರಿಗೆ ಅಷ್ಟು ಸಾಕು. ಗುರುತಿನ ಹಗ್ಗ ದಾಟಿ, ಗಸ್ತು ಇಲ್ಲದ ಗುಡ್ಡಕ್ಕೆ, ಅಂದರೆ ಬ್ಯಾಕ್‌ಕಂಟ್ರಿಗೆ ಕಾಲಿಡುವವರಿಗೆ ಸಾಲದು. ಅವರು ಕೇಳಬೇಕಾದ್ದು ಬೇರೆ: ಹೊಸ ಹಿಮ ಯಾವುದರ ಮೇಲೆ ಕೂತಿದೆ? ಚಳಿಗಾಲದ ಮೊದಲ ಆರೇಳು ವಾರಗಳಲ್ಲಿ ಇದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಳ್ಳೆಯದಿರುವುದಿಲ್ಲ.

ಮೊದಲು ಒಂದು ಪದದ ವಿಷಯ. ನಮ್ಮ ಪತ್ರಿಕೆಗಳು 'ಹಿಮಪಾತ' ಎಂಬ ಒಂದೇ ಪದವನ್ನು ಎರಡಕ್ಕೂ ಬಳಸುತ್ತವೆ. ಇಲ್ಲಿ ಹಿಮಪಾತ ಅಂದರೆ ಆಕಾಶದಿಂದ ಹಿಮ ಬೀಳುವುದು; ಗುಡ್ಡದ ಮೈಯಿಂದ ಹಿಮ ಕಳಚಿ ಜಾರಿ ಬರುವುದು ಹಿಮಕುಸಿತ. ಹಿಂದಿಯ ಮುನ್ಸೂಚನೆಗಳಲ್ಲಿ ಹಿಮಕುಸಿತಕ್ಕೆ 'ಹಿಮಸ್ಖಲನ' ಎಂದಿರುತ್ತದೆ. ಈ ಪದ ಕಂಡರೆ ದಾಟಿಸಿ ಓದಬೇಡಿ.

ದೀಪಾವಳಿಯಿಂದಲೇ ಲೆಕ್ಕ ಇಡಿ

ಎತ್ತರದ ಇಳಿಜಾರುಗಳಲ್ಲಿ ಮೊದಲ ಹಿಮ ಅಕ್ಟೋಬರ್ ಕೊನೆಗೆ, ನವೆಂಬರ್‌ನಲ್ಲಿ ಬೀಳುತ್ತದೆ. ಆಮೇಲೆ ಒಂದೆರಡು ವಾರ ಒಣ ಹವೆ, ನಿಚ್ಚಳ ಆಕಾಶ, ಕೊರೆಯುವ ರಾತ್ರಿಗಳು. ಅಪಾಯ ಬೆಳೆಯುವುದು ಈ ಒಣ ದಿನಗಳಲ್ಲೇ.

ಹಿಮದ ಅಡಿಯ ನೆಲ ಹೆಚ್ಚುಕಡಿಮೆ 0 ಡಿಗ್ರಿಯಲ್ಲಿ ಇರುತ್ತದೆ. ಬೇಸಿಗೆಯ ಕಾವು ಇನ್ನೂ ಒಳಗೆ ಉಳಿದಿರುವುದರಿಂದ ಅದಕ್ಕಿಂತ ಹೆಚ್ಚು ತಣ್ಣಗಾಗುವುದಿಲ್ಲ. ಮೇಲ್ಮೈ ಮಾತ್ರ ರಾತ್ರಿ ಮೈನಸ್ 12ಕ್ಕೂ ಇಳಿಯಬಹುದು. ಹಿಮ 40 ಸೆಂಟಿಮೀಟರ್ ದಪ್ಪ ಇದ್ದರೆ ಪ್ರತಿ 10 ಸೆಂಟಿಮೀಟರಿಗೆ 3 ಡಿಗ್ರಿ ವ್ಯತ್ಯಾಸವಾಯಿತು. ಈ ವ್ಯತ್ಯಾಸ 10 ಸೆಂಟಿಮೀಟರಿಗೆ 1 ಡಿಗ್ರಿ ದಾಟಿತೆಂದರೆ ಕೆಳಗಿನ ಆವಿ ಮೇಲಕ್ಕೆ ಹರಿಯುತ್ತ, ಒಂದಕ್ಕೊಂದು ಅಂಟಿಕೊಂಡಿದ್ದ ಹಿಮದ ಹರಳುಗಳನ್ನು ಕೊರೆದು ಬಿಡಿಬಿಡಿಯಾದ, ಮೂಲೆಮೂಲೆಯ ಕಾಳುಗಳನ್ನಾಗಿ ಮಾಡುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟದು, ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಉದುರುತ್ತದೆ. ಸ್ಕೀಯಿಂಗ್ ಮಾಡುವವರ ಮಾತಿನಲ್ಲಿ ಇದೇ ಸಕ್ಕರೆ ಹಿಮ. ಅದೇ ಮೈನಸ್ 12 ಇದ್ದು ಹಿಮ 2 ಮೀಟರ್ ದಪ್ಪವಿದ್ದರೆ ವ್ಯತ್ಯಾಸ 10 ಸೆಂಟಿಮೀಟರಿಗೆ 0.6 ಡಿಗ್ರಿ ಮಾತ್ರ. ಅಲ್ಲಿ ಹರಳುಗಳು ದುಂಡಗಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಿಮ ಕಡಿಮೆ ಇದ್ದಷ್ಟು ಅಪಾಯ ಕಡಿಮೆ ಎಂಬ ನಮ್ಮ ಕಡೆಯ ಲೆಕ್ಕ ತಲೆಕೆಳಗಾಗುವುದು ಇಲ್ಲಿ.

ಆದ್ದರಿಂದ ಪ್ರವಾಸಕ್ಕೆ ಆರು ವಾರ ಮುಂಚೆಯೇ ನೋಟುಬುಕ್ಕಿನಲ್ಲಿ ನಾಲ್ಕು ಕಂಬಸಾಲು ಹಾಕಿ: ತಾರೀಖು, ಹೊಸ ಹಿಮ ಎಷ್ಟು ಸೆಂಟಿಮೀಟರ್, ರಾತ್ರಿಯ ಕನಿಷ್ಠ ತಾಪಮಾನ, ಗಾಳಿಯ ದಿಕ್ಕು ಮತ್ತು ವೇಗ. ಹವಾಮಾನ ಇಲಾಖೆಯ ಶ್ರೀನಗರ, ಡೆಹ್ರಾಡೂನ್, ಶಿಮ್ಲಾ ಕೇಂದ್ರಗಳ ದಿನದ ವರದಿಯಿಂದ ಇದನ್ನು ತುಂಬಬಹುದು. ದಿನಕ್ಕೆ ಐದು ನಿಮಿಷದ ಕೆಲಸ. ಕೊನೆಗೆ ನೋಡಬೇಕಾದ್ದು ಒಂದು ವಿನ್ಯಾಸ: ಮೊದಲು ತುಸು ಹಿಮ, ನಂತರ ಹತ್ತು ಹದಿನೈದು ಒಣ ದಿನ, ಆಮೇಲೆ ಒಮ್ಮೆಲೇ ಭಾರಿ ಹಿಮಪಾತ. ಇದು ಕಂಡರೆ ಅಡಿಪಾಯ ಸಕ್ಕರೆಯದು ಎಂದೇ ತಿಳಿದು ಮುಂದಿನದನ್ನು ಯೋಜಿಸಿ. ಹಿಂಗಾರಿ ಜೋಳ ಬಿತ್ತುವವರು ಎರಿ ಹೊಲದ ಮೇಲ್ಮೈ ನೋಡಿ ಕೂರಿಗೆ ಹೂಡುವುದಿಲ್ಲ. ಒಳಗಿನ ಹಸಿ ನೋಡುತ್ತಾರೆ, ಹಿಂದಿನ ಮಳೆ ಯಾವಾಗ ಬಂತೆಂದು ಎಣಿಸುತ್ತಾರೆ. ಇಲ್ಲಿ ಬೇಕಾದ್ದೂ ಅಂಥದೇ ಲೆಕ್ಕ.

ನೆರಳಿನ ಲೆಕ್ಕವೂ ಸೇರಲಿ. ಡಿಸೆಂಬರ್ 21ರ ನಡುಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಸೂರ್ಯ ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಗುಲ್ಮಾರ್ಗ್‌ನಲ್ಲಿ ಸುಮಾರು 32 ಡಿಗ್ರಿ ಮಾತ್ರ. ಉತ್ತರಕ್ಕೆ ಮುಖ ಮಾಡಿದ 35 ಡಿಗ್ರಿಯ ಇಳಿಜಾರಿಗೆ ಆ ದಿನಗಳಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ. ದಕ್ಷಿಣದ ಮೈಯಲ್ಲಿ ನವೆಂಬರ್ ಹಿಮ ಬಹಳ ಸಲ ಕರಗಿ ನೆಲ ಕಾಣುತ್ತದೆ, ಹಾಗಾಗಿ ಡಿಸೆಂಬರ್ ಹಿಮ ಗಟ್ಟಿ ನೆಲದ ಮೇಲೆ ಕೂರುತ್ತದೆ. ನೆರಳಿನ ಮೈಯಲ್ಲಿ ಹಳೆಯದು ಉಳಿದು ಸಕ್ಕರೆಯಾಗುತ್ತದೆ. ಹತ್ತಿಯಂಥ ಪುಡಿ ಹಿಮ ಸಿಗುವುದೂ ಅದೇ ನೆರಳಿನಲ್ಲಿ, ಸ್ಕೀ ಹಾಕಿದವರ ಕಾಲು ಎಳೆಯುವುದೂ ಅತ್ತಲೇ.

ಪರಾತ, ರವೆ, ಖಡಕ್ ರೊಟ್ಟಿ

ಹಿಮವನ್ನೇ ನೋಡದವರಿಗೆ 'ಪದರ ಕಳಚುತ್ತದೆ' ಅಂದರೆ ಏನೆಂದು ಹೊಳೆಯದು. ಮನೆಯಲ್ಲೇ ಹತ್ತು ನಿಮಿಷದಲ್ಲಿ ನೋಡಬಹುದು. ದೊಡ್ಡ ಪರಾತದಲ್ಲಿ ದಪ್ಪ ಬಟ್ಟೆ ಹಾಸಿ, ಜಾರದಂತೆ ಅಂಚಿಗೆ ಸಿಕ್ಕಿಸಿ. ಮೇಲೆ ದಪ್ಪ ರವೆಯನ್ನು ಅರ್ಧ ಬೆರಳಿನಷ್ಟು ಹರಡಿ. ಒಂದು ಬದಿಗೆ ರವೆಯ ಮೇಲೆ ಜೋಳದ ಹಿಟ್ಟನ್ನು ಜರಡಿ ಹಿಡಿದು ಉದುರಿಸಿ. ಇನ್ನೊಂದು ಬದಿಗೆ ತೆಳುವಾದ ಖಡಕ್ ರೊಟ್ಟಿ ಇಡಿ. ಪರಾತವನ್ನು ಒಂದು ಅಂಚಿನಿಂದ ನಿಧಾನ ಎತ್ತಿ, ಜಾರುವ ತುಸು ಮುಂಚೆ ನಿಲ್ಲಿಸಿ.

ಈಗ ಹಿಟ್ಟಿನ ಬದಿಗೆ ಬೆರಳು ಒತ್ತಿ: ಒತ್ತಿದಲ್ಲಿ ಮಾತ್ರ ತಗ್ಗು ಬೀಳುತ್ತದೆ, ನಾಲ್ಕು ಚಿಟಿಕೆ ಉದುರುತ್ತದೆ. ರೊಟ್ಟಿಯ ನಡುವೆ ಕುಟ್ಟಿ: ಬಿರುಕು ಅಂಚಿನತನಕ ಓಡಿ, ದೊಡ್ಡ ತುಂಡು ಇಡಿಯಾಗಿ ಜಾರುತ್ತದೆ. ಗಾಳಿ ಬಡಿದು, ಒತ್ತಿ ಗಟ್ಟಿಯಾದ ಹಿಮ ರೊಟ್ಟಿಯ ಹಾಗೆ. ಅದಕ್ಕೆ ಸ್ಲ್ಯಾಬ್ ಎನ್ನುತ್ತಾರೆ. ಸ್ಕೀಯಿಂಗ್ ಮಾಡುವವರನ್ನು ಕೊಲ್ಲುವುದು ಹೆಚ್ಚಾಗಿ ಈ ಬಗೆಯ ಕುಸಿತ. ಅದು ಮೇಲಿನಿಂದ ಬಂದು ಬಡಿಯುವುದಕ್ಕಿಂತ, ನಿಂತವರ ಭಾರಕ್ಕೇ ಒಡೆದು ಅವರ ಕಾಲ ಕೆಳಗಿನಿಂದ ಹೊರಡುವುದೇ ಹೆಚ್ಚು.

ಅಡಿಯ ದುರ್ಬಲ ಪದರ ಸಕ್ಕರೆ ಹಿಮವೇ ಆಗಬೇಕೆಂದಿಲ್ಲ. ಗಾಳಿಯಿಲ್ಲದ ನಿಚ್ಚಳ ರಾತ್ರಿಗಳಲ್ಲಿ ಗಾಳಿಯಲ್ಲಿನ ಆವಿ ಮೇಲ್ಮೈಯಲ್ಲಿ ನೇರವಾಗಿ ಹೆಪ್ಪುಗಟ್ಟಿ ಸಣ್ಣ ಗರಿಗಳು ಏಳುತ್ತವೆ, ಬೆಳಗಿನ ಬಿಸಿಲಿಗೆ ಮಿನುಗುತ್ತವೆ. ಫೋಟೋಕ್ಕೆ ಭಾಳ ಚಂದ. ಅದರ ಮೇಲೆ ಮುಂದಿನ ಹಿಮ ಬಿದ್ದರೆ ನಿಲ್ಲಿಸಿಟ್ಟ ಇಸ್ಪೀಟಿನ ಎಲೆಗಳ ಮೇಲೆ ಹಲಗೆ ಇಟ್ಟಂತೆ. ಡಿಸೆಂಬರ್ ಮೊದಲ ವಾರಗಳಲ್ಲಿ ಕೆಳಗಿನ ಎತ್ತರಗಳಲ್ಲಿ ಒಮ್ಮೊಮ್ಮೆ ಹಿಮದ ಮೇಲೆ ಮಳೆಯೂ ಬೀಳುತ್ತದೆ; ಅದು ರಾತ್ರಿ ಹೆಪ್ಪುಗಟ್ಟಿ ಗಾಜಿನಂಥ ಹೆಕ್ಕಳೆಯಾಗುತ್ತದೆ. ಇವೆರಡನ್ನೂ ನೋಟುಬುಕ್ಕಿನಲ್ಲಿ ಗುರುತು ಮಾಡಿ.

ಪಶ್ಚಿಮದಿಂದ ಬರುವ ಹವೆ

ನಮ್ಮ ಹಿಂಗಾರು ಮಳೆ ಬಂಗಾಳ ಕೊಲ್ಲಿಯ ಕಡೆಯದು. ಹಿಮಾಲಯದ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ವೆಸ್ಟರ್ನ್ ಡಿಸ್ಟರ್ಬನ್ಸ್ ಎಂಬ ವಾಯುಭಾರ ಕುಸಿತಗಳು. ಚಳಿಗಾಲದಲ್ಲಿ ತಿಂಗಳಿಗೆ ಸರಾಸರಿ ನಾಲ್ಕರಿಂದ ಆರು ಬರುತ್ತವೆ. ಎಲ್ಲವೂ ದೊಡ್ಡ ಹಿಮ ಸುರಿಸುವುದಿಲ್ಲ. ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ 40 ದಿನಗಳನ್ನು ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುತ್ತಾರೆ. ಅದಕ್ಕೂ ಮುಂಚೆ ಹೋಗುವವರಿಗೆ ಸಿಗುವುದು ಸಾಮಾನ್ಯವಾಗಿ ತೆಳು ಹಿಮವೇ. ಕಲ್ಲು, ಮರದ ಬೊಡ್ಡೆ, ಮುಚ್ಚಿಕೊಳ್ಳದ ತೊರೆಗಳು ಒಂದು ಗೇಣು ಹಿಮದ ಕೆಳಗೆ ಅಡಗಿರುತ್ತವೆ. ಮೊಣಕಾಲು ಹೋಗುವುದು ಇಂಥಲ್ಲೇ.

ಬರುವ ಕ್ರಮ ಹೀಗೆ: ಮೊದಲು ಎತ್ತರದಲ್ಲಿ ತೆಳು ಮೋಡ, ಸೂರ್ಯ ಚಂದ್ರರ ಸುತ್ತ ಕಣ, ಅಂದರೆ ಬೆಳಕಿನ ಉಂಗುರ. ದಕ್ಷಿಣದ ಗಾಳಿ ಬೀಸಿ ಚಳಿ ತುಸು ತಗ್ಗುತ್ತದೆ. ನಂತರ ಒಂದೆರಡು ದಿನ ಹಿಮ. ಅದು ದಾಟಿತೆಂದರೆ ಗಾಳಿ ವಾಯವ್ಯಕ್ಕೆ ತಿರುಗಿ, ಆಕಾಶ ನೀಲಿಯಾಗಿ, ರಾತ್ರಿ ಚಳಿ ಕಚ್ಚುತ್ತದೆ. ಆ ನೀಲಿ ಬೆಳಗ್ಗೆ ಎಲ್ಲರೂ ಸ್ಕೀ ಹೆಗಲಿಗೇರಿಸುತ್ತಾರೆ. ಇಡೀ ವಾರದಲ್ಲಿ ಹೆಚ್ಚು ಎಚ್ಚರ ಬೇಕಾದ ದಿನ ಅದೇ. ಹೊಸ ಭಾರ ಹಳೆಯ ಸಕ್ಕರೆಯ ಮೇಲೆ ಕೂತು ಇನ್ನೂ ಒಂದು ದಿನವೂ ಆಗಿರುವುದಿಲ್ಲ. ಕನಿಷ್ಠ 24ರಿಂದ 48 ಗಂಟೆ ಕಡಿದಾದ ಜಾಗ ಬಿಟ್ಟು ಇರಿ. ಅಡಿಯಲ್ಲಿ ಸಕ್ಕರೆ ಹಿಮ ಇದೆ ಎಂದು ಗೊತ್ತಿದ್ದರೆ ಆ 48 ಗಂಟೆಯೂ ಸಾಲದು. ವಾರಗಟ್ಟಲೆ ಆ ಪದರ ಗಟ್ಟಿಯಾಗದೆ ಉಳಿಯುತ್ತದೆ.

ಮೊಬೈಲಿನ ಹವಾಮಾನ ಆ್ಯಪ್ ನೋಡುವಾಗ ಮೂರು ತಪ್ಪು ಆಗುತ್ತವೆ. ಒಂದು, ಅದು ತೋರಿಸುವುದು ಊರಿನ ತಾಪಮಾನ. ಗುಲ್ಮಾರ್ಗ್ ಸುಮಾರು 2,650 ಮೀಟರ್. ಗೊಂಡೋಲಾದ (ಕೇಬಲ್ ಕಾರಿನ) ಎರಡನೇ ಹಂತ ಮೇಲಿನ ಅಫರ್ವಾತ್ ಬೆಟ್ಟದಲ್ಲಿ ಇಳಿಸುವುದು ಸುಮಾರು 3,950 ಮೀಟರಿಗೆ. ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ ಕಳೆಯಬೇಕು. ಕೆಳಗೆ ಮೈನಸ್ 2 ಇದ್ದರೆ ಮೇಲೆ ಮೈನಸ್ 10. ಗಂಟೆಗೆ 40 ಕಿಲೋಮೀಟರ್ ಗಾಳಿ ಸೇರಿದರೆ ಚರ್ಮಕ್ಕೆ ಅದು ಮೈನಸ್ 21ರಂತೆ ತಾಗುತ್ತದೆ. ಎರಡು, ಮಿಲಿಮೀಟರ್‌ನಲ್ಲಿ ಬರೆದದ್ದು ನೀರಿನ ಲೆಕ್ಕ. ಹೊಸ ಹಿಮಕ್ಕೆ ಅಂದಾಜು ಹತ್ತು ಪಟ್ಟು: 30 ಮಿಲಿಮೀಟರ್ ಅಂದರೆ 30 ಸೆಂಟಿಮೀಟರ್ ಹಿಮ, ಚಳಿ ಜಾಸ್ತಿಯಿದ್ದರೆ ಇನ್ನೂ ಹೆಚ್ಚು. ಮೂರು, ಗಾಳಿಯ ಅಂಕಣವನ್ನು ಯಾರೂ ನೋಡುವುದಿಲ್ಲ. 24 ಗಂಟೆಯಲ್ಲಿ 30 ಸೆಂಟಿಮೀಟರ್ ಹಿಮ ಬಿದ್ದರೆ ಅದೊಂದೇ ಕೆಂಪು ಬಾವುಟ. ಗಾಳಿ ಇದ್ದರೆ ಅದರ ಅರ್ಧಕ್ಕೇ ಬಾವುಟ ಏರಿಸಿ.

ಗಾಳಿ ಯಾಕಿಷ್ಟು ಮುಖ್ಯ? ಕಪ್ಪತಗುಡ್ಡದ ಬೆನ್ನಿನ ಮೇಲೆ ನಿಂತರೆ ಗಾಳಿ ಒಂದು ಮಗ್ಗುಲಿಗೆ ಬಡಿದು ಇನ್ನೊಂದಕ್ಕೆ ಸುರಿಯುವುದು ಗೊತ್ತಾಗುತ್ತದೆ. ಹಿಮದ ಬೆಟ್ಟದಲ್ಲಿ ಅದು ಬಡಿದ ಮಗ್ಗುಲಿನ ಹಿಮವನ್ನು ಕೆರೆದು ಮರೆಯ ಮಗ್ಗುಲಲ್ಲಿ ಒಟ್ಟುತ್ತದೆ, ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ವೇಗದಲ್ಲಿ. ಊರಲ್ಲಿ ಒಂದು ಹನಿ ಬೀಳದ ದಿನವೂ ಮೇಲೆ ಭಾರ ಏರುತ್ತಿರಬಹುದು. ಗುರುತುಗಳು: ಶಿಖರದಿಂದ ಹೊಗೆಯಂತೆ ಹಾರುವ ಹಿಮ, ಬೆನ್ನಿನ ಅಂಚಿನಲ್ಲಿ ಹೊರಚಾಚಿದ ಹಿಮದ ಸೂರು, ಕಾಲಿಟ್ಟರೆ ಡೊಳ್ಳಿನಂತೆ ಟೊಳ್ಳು ಸದ್ದು. ಆ ಸೂರಿನ ಮೇಲೆ ನಿಂತು ಸೆಲ್ಫಿ ತೆಗೆಯಬಾರದು. ನಿಂತವರಿಗೆ ಅದು ಸೂರು ಎಂದೇ ಕಾಣುವುದಿಲ್ಲ. ಒಡೆಯುವ ಗೆರೆ ಅಂಚಿನಿಂದ ಹಲವು ಅಡಿ ಹಿಂದೆ ಇರುತ್ತದೆ.

ಹಿಮಕುಸಿತದ ಮುನ್ಸೂಚನೆ ಕೊಡುವುದು ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಒ.ದ ಘಟಕವಾದ ಡಿ.ಜಿ.ಆರ್.ಇ.; ಹಳಬರ ಬಾಯಲ್ಲಿ ಅದಿನ್ನೂ ಹಳೆಯ ಹೆಸರಿನ 'ಸಾಸೆ'. ಅದರಲ್ಲಿ ಅಪಾಯದ ಮಟ್ಟ ಐದು. ಮೂರನೆಯದನ್ನು ನಮ್ಮವರು 'ನಡುಮಧ್ಯದ್ದು, ಚಿಂತೆಯಿಲ್ಲ' ಎಂದು ಓದುತ್ತಾರೆ. ಮೂರರ ಅರ್ಥ, ಕಡಿದಾದಲ್ಲಿ ಒಬ್ಬರ ಭಾರಕ್ಕೇ ಹಿಮ ಕಳಚಬಹುದು. ನಾಲ್ಕು ಐದರ ದಿನ ಜನ ಮನೆಯಲ್ಲಿರುತ್ತಾರೆ, ಮೂರರ ದಿನ ಹೊರಬೀಳುತ್ತಾರೆ. ಸಾವು ಹೆಚ್ಚಾಗಿ ಆಗುವುದೂ ಮೂರರ ದಿನವೇ.

ಇಳಿಜಾರು ಅಳೆಯಲು ಇಲ್ಲೇ ಕಲಿಯಿರಿ

ಸ್ಲ್ಯಾಬ್ ಕುಸಿತ ಬಹುಪಾಲು ಹೊರಡುವುದು 30ರಿಂದ 45 ಡಿಗ್ರಿಯ ಇಳಿಜಾರಿನಿಂದ. ಅದಕ್ಕಿಂತ ಕಡಿದಾದಲ್ಲಿ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ, ಕಡಿಮೆ ಇದ್ದಲ್ಲಿ ಸಾಮಾನ್ಯವಾಗಿ ಜಾರದು. ತೊಂದರೆ ಏನೆಂದರೆ ಸ್ಕೀಗೆ ಮಜಾ ಕೊಡುವುದೂ ಈ 30ರಿಂದ 40. ಕಣ್ಣಂದಾಜು ಭಾಳ ಮೋಸ ಮಾಡುತ್ತದೆ. ನೃಪತುಂಗ ಬೆಟ್ಟದ ಮೈಗೋ ಕಪ್ಪತಗುಡ್ಡದ ಒಂದು ಇಳಿಜಾರಿಗೋ ಹೋಗಿ, ಮೊದಲು ಅಂದಾಜು ಹೇಳಿ, ನಂತರ ಕೋಲನ್ನು ನೆಲಕ್ಕೆ ಒರಗಿಸಿ ಅದರ ಮೇಲೆ ಮೊಬೈಲ್ ಇಟ್ಟು ಕೋನಮಾಪಕ ಆ್ಯಪ್‌ನಲ್ಲಿ ಅಳೆಯಿರಿ. ಇಪ್ಪತ್ತು ಸಲ ಮಾಡಿ. ವ್ಯತ್ಯಾಸ 3 ಡಿಗ್ರಿಗೆ ಇಳಿಯುವ ತನಕ ಬಿಡಬೇಡಿ.

ನಿಂತ ಜಾಗ 20 ಡಿಗ್ರಿ ಇದ್ದರೂ ಮೇಲೆ 35 ಡಿಗ್ರಿಯ ಮೈ ತೂಗುತ್ತಿದ್ದರೆ ಅಪಾಯ ಮೇಲಿನದೇ. ಸಕ್ಕರೆ ಪದರ ಇದ್ದಾಗ ಕೆಳಗಿನ ಸಮತಟ್ಟಿನಲ್ಲಿ ನಡೆದರೂ ಬಿರುಕು ಮೇಲಕ್ಕೆ ಓಡಿ ಗುಡ್ಡ ಕಳಚುತ್ತದೆ. ಕಮರಿ, ತೊರೆಯ ಪಾತ್ರೆ, ಬಂಡೆಗಳ ಸಂದಿ ಇರುವ ಕಡೆ ಚಿಕ್ಕ ಕುಸಿತವೂ ಆಳಕ್ಕೆ ಹೂಳುತ್ತದೆ. ಮೊದಲ ಚಳಿಗಾಲದವರಿಗೆ ಒಂದೇ ನಿಯಮ ಹೇಳುತ್ತೇವೆ: ಡಿಸೆಂಬರ್‌ನಲ್ಲಿ 25 ಡಿಗ್ರಿ ದಾಟಬೇಡಿ, 30 ದಾಟಿದ್ದರ ಕೆಳಗೆ ನಿಲ್ಲಬೇಡಿ.

ಅಗೆದು ನೋಡುವುದು

ಸುರಕ್ಷಿತವಾದ, ಮೇಲೆ ಏನೂ ತೂಗದ, ಆದರೆ ಹೋಗಬೇಕೆಂದಿರುವ ಇಳಿಜಾರಿನ ದಿಕ್ಕು ಮತ್ತು ಎತ್ತರವೇ ಇರುವ ಜಾಗ ಆರಿಸಿ. ಪ್ರೋಬ್ ಕೋಲಿನಿಂದ ಚುಚ್ಚಿ ಆಳ ನೋಡಿ. ಕೊನೆಯ ಒಂದು ಗೇಣಿನಲ್ಲಿ ಕೋಲು ತಟ್ಟನೆ ಇಳಿದರೆ ಅದು ಸಕ್ಕರೆ. ನೆಲದತನಕ, ಒಂದೂವರೆ ಮೀಟರ್ ಅಗಲಕ್ಕೆ ಅಗೆಯಿರಿ. ಎದುರಿನ ಗೋಡೆಯನ್ನು ನೇರವಾಗಿ, ನುಣುಪಾಗಿ ಸವರಿ, ಮೇಲಿನಿಂದ ಕೆಳಗೆ ಒತ್ತುತ್ತ ಬನ್ನಿ: ಮುಷ್ಟಿ ಹೋಗುತ್ತದೆಯೋ, ನಾಲ್ಕು ಬೆರಳೋ, ಒಂದು ಬೆರಳೋ, ಪೆನ್ಸಿಲ್ಲೋ, ಚಾಕು ಮಾತ್ರವೋ. ಒಂದು ಬೆರಳಿನ ಗಟ್ಟಿ ಪದರದ ಕೆಳಗೆ ಮುಷ್ಟಿಯ ಮೆದು ಪದರ ಸಿಕ್ಕರೆ ರೊಟ್ಟಿ ಮತ್ತು ರವೆ ಸಿಕ್ಕಂತೆ.

ಮುಂದೆ, ಅಡ್ಡ 90 ಸೆಂಟಿಮೀಟರ್, ಒಳಕ್ಕೆ 30 ಸೆಂಟಿಮೀಟರ್ ಇರುವ ದಿಮ್ಮಿಯನ್ನು ಬದಿಗಳಲ್ಲೂ ಹಿಂದೆಯೂ ಗರಗಸ ಇಲ್ಲವೆ ಗಂಟು ಹಾಕಿದ ದಾರದಿಂದ ಕೊಯ್ದು ಬಿಡಿಸಿ. ಒಂದು ತುದಿಯಲ್ಲಿ ಸಲಿಕೆಯ ಅಲಗನ್ನು ಮಲಗಿಸಿ, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಹೆಗಲಿನಿಂದ ಹತ್ತು ಏಟು ಹಾಕಿ. ಬಿರುಕು ಬಿದ್ದ ಏಟಿಗೋ ಮರುಏಟಿಗೋ ಅದು ಇನ್ನೊಂದು ತುದಿಯವರೆಗೆ ಓಡಿದರೆ ಅಂದಿನ ಕಡಿದಾದ ಇಳಿಜಾರು ಮುಗಿಯಿತು, ಚರ್ಚೆ ಬೇಡ. ಓಡದಿದ್ದರೆ ಹೋಗಬಹುದು ಎಂದಲ್ಲ. ಆ ಗುಂಡಿಯಲ್ಲಿ ಓಡಲಿಲ್ಲ ಎಂದಷ್ಟೇ. ಹತ್ತು ಹೆಜ್ಜೆ ಆಚೆ ಹಿಮದ ದಪ್ಪವೇ ಬೇರೆ ಇರುತ್ತದೆ. ಗಾಳಿ ಕೆರೆದು ತೆಳುವಾದ ಕಡೆ ಅಗೆಯುವುದು, ಹಿಂಬದಿ ಕೊಯ್ಯಲು ಮರೆಯುವುದು, ಮೇಲಿನ ಮೆದು ಹಿಮದಲ್ಲಿ ಸಲಿಕೆ ಮುಳುಗಿ ಏಟು ಕೆಳಗೆ ತಾಗದಿರುವುದು ಸಾಮಾನ್ಯ ತಪ್ಪುಗಳು. ಒಂದು ಮೀಟರಿಗಿಂತ ಆಳದ ಪದರವನ್ನು ಈ ಪರೀಕ್ಷೆ ಹಿಡಿಯದೆ ಬಿಡಬಹುದು.

ಹೂತುಹೋದವರನ್ನು ಹುಡುಕುವುದು

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕಿದ್ದರು, 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ನಮ್ಮ ಜಿಲ್ಲೆಗಳಲ್ಲಿ ಅದನ್ನು ಮರೆತವರಿಲ್ಲ. 'ದಿನಗಟ್ಟಲೆ ಬದುಕಬಹುದು' ಎಂಬ ಭಾವನೆಯೂ ಹಲವರಲ್ಲಿ ಉಳಿದಿದೆ. ಸ್ಕೀಯಲ್ಲಿ ಹೂತವರಿಗೆ ಆ ಲೆಕ್ಕ ಅನ್ವಯಿಸದು. ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. ಅರ್ಧ ಗಂಟೆಗೆ ಉಳಿಯುವವರು ಮೂರರಲ್ಲಿ ಒಬ್ಬರ ಆಸುಪಾಸು. ಪೊಲೀಸ್, ಸೇನೆ ಬರುವ ಹೊತ್ತಿಗೆ ಸಮಯ ಮೀರಿರುತ್ತದೆ. ತೆಗೆಯುವವರು ಜೊತೆಗಾರರೇ.

ಒಬ್ಬೊಬ್ಬರಿಗೂ ಮೂರು ಸಾಮಾನು ಬೇಕು: 457 ಕಿಲೋಹರ್ಟ್ಸ್‌ನ ಮೂರು ಆಂಟೆನಾದ ಬೀಕನ್ (ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), 240 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಪ್ರೋಬ್, ಲೋಹದ ಅಲಗಿನ ಸಲಿಕೆ. ಗುಂಪಿಗೊಂದು ಅಲ್ಲ. ಬೀಕನ್ನಿಗೆ ಕಂಪನಿ ಹೇಳಿದ ಬಗೆಯ ಸೆಲ್ ಮಾತ್ರ ಹಾಕಿ, ಹೆಚ್ಚಿನವಕ್ಕೆ ಆಲ್ಕಲೈನ್. ಮೊಬೈಲ್ ಅದರಿಂದ ಒಂದು ಗೇಣು ದೂರ, ಹುಡುಕುವಾಗ ಅರ್ಧ ಮೀಟರ್ ದೂರ. ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಸಂದೇಶ ಸಾಧನಗಳನ್ನು ವಿದೇಶದಲ್ಲಿರುವ ನೆಂಟರಿಂದ ತರಿಸಬೇಡಿ. ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಅವು ಅಪರಾಧ.

ಅಭ್ಯಾಸಕ್ಕೆ ಹಿಮ ಬೇಕಿಲ್ಲ. ಒಕ್ಕಲಿ ಮುಗಿದ ಹೊಲ ಸಾಕು. ಒಂದು ಬೀಕನ್ ಚಾಲೂ ಮಾಡಿ, ಡಬ್ಬಿಗೆ ಹಾಕಿ, ಗೋಣಿಚೀಲದಲ್ಲಿ ಸುತ್ತಿ, ಹೊಟ್ಟಿನ ಗುಡ್ಡೆಯಲ್ಲಿ ಬಚ್ಚಿಡಿ. ಹುಡುಕುವವರು 40 ಮೀಟರ್ ಅಂತರದ ಸಾಲು ಹಿಡಿದು ನಡೆಯಲಿ. ಸಂಕೇತ ಸಿಕ್ಕ ಮೇಲೆ ಬಾಣದ ಗುರುತು ಹಿಡಿದು, 3 ಮೀಟರ್ ಒಳಗೆ ಬಂದಾಗ ಮಂಡಿಯೂರಿ ಬೀಕನ್ನನ್ನು ನೆಲಕ್ಕೆ ತಾಗಿಸಿಕೊಂಡು ನಿಧಾನ ಸರಿಸಲಿ. ಅತಿ ಚಿಕ್ಕ ಅಂಕಿ ಬಂದಲ್ಲಿಂದ 25 ಸೆಂಟಿಮೀಟರ್ ಅಂತರದಲ್ಲಿ ಸುತ್ತುಸುತ್ತಾಗಿ ಪ್ರೋಬ್ ಚುಚ್ಚಬೇಕು. ತಾಗಿದ ಮೇಲೆ ಪ್ರೋಬ್ ಕೀಳಬೇಡಿ. ಅದರ ಇಳಿಜಾರಿನ ಕೆಳಬದಿಯಿಂದ ಒಳಕ್ಕೆ ಅಗೆಯಿರಿ, ಮೇಲಿನಿಂದ ಬಾವಿ ತೋಡಿದಂತಲ್ಲ. ಹೊಲದಲ್ಲಿ ಐದು ನಿಮಿಷದೊಳಗೆ ಸಿಗದಿದ್ದರೆ ಹಿಮದಲ್ಲಿ ಸಿಗದು.

ಹೋದ ಮೇಲೆ

ಹುಬ್ಬಳ್ಳಿ ಸುಮಾರು 670 ಮೀಟರ್. ಅಫರ್ವಾತ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗೂ ಕಡಿಮೆ. ಮೊದಲ ದಿನವೇ ಎರಡನೇ ಹಂತ ಏರಬೇಡಿ. ಎರಡು ರಾತ್ರಿ ಗುಲ್ಮಾರ್ಗ್ ಎತ್ತರದಲ್ಲಿ ಕಳೆಯಿರಿ. ತಲೆನೋವು, ವಾಕರಿಕೆ ಬಂದರೆ ಕೆಳಗಿಳಿಯುವುದೇ ಔಷಧ. ಶ್ರೀನಗರದ ವಿಮಾನ, ಜಮ್ಮು ಹೆದ್ದಾರಿ ಎರಡೂ ಹಿಮಕ್ಕೆ ನಿಲ್ಲುತ್ತವೆ. ವಾಪಸಾತಿಗೆ ಎರಡು ದಿನ ಕೈಯಲ್ಲಿರಲಿ. ಸಮಯ ಕಟ್ಟಿಕೊಂಡು ಹೋದವರೇ 'ಇವತ್ತೊಂದು ದಿನ' ಎಂದು ಕೆಟ್ಟ ದಿನ ಹೊರಡುವುದು.

ಹೊರಡುವ ಬೆಳಗ್ಗೆ ಒಬ್ಬರು ನಿಂತು ಎಲ್ಲರ ಬೀಕನ್ ಸಂಕೇತ ಪರೀಕ್ಷಿಸಲಿ. ಇಳಿಜಾರಿನಲ್ಲಿ ಒಬ್ಬೊಬ್ಬರೇ ಇಳಿಯಿರಿ, ಉಳಿದವರು ಸುರಕ್ಷಿತ ಜಾಗದಿಂದ ಕಣ್ಣಿಟ್ಟಿರಲಿ. ದಾರಿಯಲ್ಲಿ ಹೊಸ ಕುಸಿತದ ಗುರುತು, ಸ್ಕೀಯ ಮುಂದೆ ಓಡುವ ಬಿರುಕು, ಕಾಲಡಿ 'ಧಪ್' ಎಂದು ಹಿಮ ಕುಸಿದು ಕೂರುವ ಸದ್ದು, ಇವುಗಳಲ್ಲಿ ಒಂದು ಕಂಡರೂ ಗುಂಡಿ ಅಗೆಯುವ ಅಗತ್ಯವಿಲ್ಲ; ಗುಡ್ಡವೇ ಉತ್ತರ ಕೊಟ್ಟಾಗಿದೆ. ಆಗ ಮುಂದೆ ಅಡ್ಡದಾರಿ ಹುಡುಕದೆ, ಒಬ್ಬರಿಗೊಬ್ಬರು ಅಂತರ ಬಿಟ್ಟು, ಬಂದ ಹೆಜ್ಜೆಗುರುತಿನ ಮೇಲೆಯೇ ಮರಳಿ ಬನ್ನಿ.